ಚಕ್ರಕ್ಕೆ ಕಲ್ಲು, ಕಲ್ಲಿಗೆ ಹುಡುಗನ ಕಾಲು

ಬಹಳ ದಿನಗಳಿಂದ ಇದನ್ನು ಬರೆಯಬೇಕು ಅಂದುಕೊಳ್ಳುತ್ತಲೇ ಇದ್ದೆ. ಬರೆದರೆ ಸ್ನೇಹಿತರಲ್ಲೇ ನಾಲ್ಕು ಜನ ಮುನಿಸಿಕೊಳ್ಳುತ್ತಾರೆ ಅಂತ ಸುಮ್ಮನಿದ್ದೆ. ಈಗ ಮುನಿಸಿಕೊಂಡರೂ ಪರವಾಗಿಲ್ಲ ಅನ್ನಿಸಿದೆ. ವಿಷಯ ಇಷ್ಟೇ: ಮನೆ ಮುಂದಿನ ಇಳಿಜಾರು ರ‍್ಯಾಂಪಿನ ಮೇಲೆ ಕಾರಿನ ಎಂಜಿನ್ ಇಳಿಸಬೇಡಿ. ನೀವೂ ಇಳಿಸಬೇಡಿ, ಇನ್ನೊಬ್ಬರ ಕೈಲೂ ಇಳಿಸಬೇಡಿ. ಅದರಲ್ಲೂ ಇನ್ನೊಬ್ಬರ ಕೈಲಿ ಇಳಿಸಲೇಬೇಡಿ.

"ಇದೇನಪ್ಪಾ, ಜಗತ್ತಿನಲ್ಲಿ ಬೇರೆ ವಿಷಯವೇ ಸಿಗಲಿಲ್ವಾ ಇವನಿಗೆ?" ಅಂತ ನಗಬೇಡಿ. ಸ್ವಲ್ಪ ಓದಿ, ಆಮೇಲೆ ನಗುವಿರಂತೆ.

ನಮ್ಮಲ್ಲಿ ಬಹಳಷ್ಟು ಜನರ ಮನೆಯಲ್ಲಿ ಅಪ್ಪ ಕೊಂಡ ಮಾರುತಿ 800 ಒಂದು ಇದ್ದೇ ಇತ್ತು. ಕೆಲವರ ಮನೆಯಲ್ಲಿ ಇನ್ನೂ ಇದೆ. 1983ರ ಡಿಸೆಂಬರಿನಲ್ಲಿ ಮೊದಲ ಕಾರು ಮಾಲೀಕನ ಕೈಗೆ ಬಂತು, 2014ರ ಜನವರಿಯಲ್ಲಿ ಕೊನೆಯದು ಫ್ಯಾಕ್ಟರಿಯಿಂದ ಹೊರಬಿತ್ತು. ಹಾಗಾಗಿ ಈಗ ಬದುಕಿರೋವೆಲ್ಲ ಮುದುಕರೇ. ಒಂದು ದಿನ ಹಿಂದಿನಿಂದ ನೀಲಿ ಹೊಗೆ ಶುರುವಾಗುತ್ತದೆ. ಮೆಕ್ಯಾನಿಕ್ ಬಂದು ಬಾನೆಟ್ ಎತ್ತಿ, ಆಯಿಲ್ ಕಡ್ಡಿ ಎಳೆದು ನೋಡಿ, ಮೂರು ಸಿಲಿಂಡರಿನ ಆ ಪುಟ್ಟ ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟು ಹೇಳುತ್ತಾನೆ: "ರಿಂಗು ಹೋಗಿದೆ ಸಾರ್. ಎಂಜಿನ್ ಇಳಿಸಬೇಕು."

(ಗ್ಯಾರೇಜಿನ ಕನ್ನಡವೇ ಒಂದು ಚೆಂದ. "ಇಳಿಸೋದು" ಅಂತಾರೆ, ಮಾಡೋದು ಎತ್ತೋದು!)

ಆಗ ನಾವು, ಅಂದರೆ ಓದಿದವರು, ಒಂದು ಮಾತು ಹೇಳುತ್ತೇವೆ. "ಗ್ಯಾರೇಜಿಗೆಲ್ಲ ಬೇಡಪ್ಪಾ. ಅಲ್ಲಿ ಏನು ಬದಲಾಯಿಸ್ತೀರೋ ಏನೋ. ಮನೆ ಹತ್ರಾನೇ ಮಾಡಿಕೊಡು, ನಮ್ಮ ಕಣ್ಣ ಮುಂದೆ." ನಂಬಿಕೆ ಇಲ್ಲ, ಟೋಯಿಂಗ್ ದುಡ್ಡು ಉಳಿಯುತ್ತದೆ, ಜೊತೆಗೆ ಮನೆಯಲ್ಲಿ ಕಾಫಿ ಕುಡಿಯುತ್ತಾ ಉಸ್ತುವಾರಿ ಮಾಡಬಹುದು. ಒಂದೇ ಕಲ್ಲಿಗೆ ಮೂರು ಹಕ್ಕಿ. ಆ ಕಲ್ಲಿನ ಬಗ್ಗೆಯೇ ಈಗ ಹೇಳಬೇಕಾಗಿರೋದು.

ಬೆಂಗಳೂರಿನ ಮನೆಗಳ ರ‍್ಯಾಂಪುಗಳನ್ನು ನೀವೆಲ್ಲ ನೋಡಿಯೇ ಇದ್ದೀರಿ. ಚರಂಡಿ ದಾಟಿ, ಫುಟ್‌ಪಾತ್ ನುಂಗಿ, ರಸ್ತೆಯವರೆಗೆ ನಾಲಿಗೆ ಚಾಚಿದ ಸಿಮೆಂಟು. ಹನುಮಂತನಗರ, ಗಿರಿನಗರದ ಕಡೆಯಾದರೆ ರಸ್ತೆಯೇ ಗುಡ್ಡ, ಅದರ ಮೇಲೆ ಈ ರ‍್ಯಾಂಪು ಬೇರೆ. ಆರು ಅಡಿಗೆ ಒಂದು ಅಡಿ ಏರುವ ರ‍್ಯಾಂಪು ನಮ್ಮ ಕಣ್ಣಿಗೆ ಏನೇನೂ ಅಲ್ಲ. ಸರಿ, ಪಿಯುಸಿಯಲ್ಲಿ ಉರು ಹೊಡೆದ ಎಂಜಿ ಸೈನ್ ಥೀಟಾವನ್ನು ಒಂದೇ ಒಂದು ಸಲ ಹೊರಗೆ ತೆಗೆಯೋಣ. ಮಾರುತಿ 800ರ ತೂಕ ಸುಮಾರು 650 ಕೆಜಿ. ಆ "ಏನೇನೂ ಅಲ್ಲದ" ಇಳಿಜಾರಿನಲ್ಲಿ ಅದನ್ನು ಕೆಳಗೆ ಎಳೆಯುವ ಬಲ ನೂರು ಕೆಜಿ ತೂಕಕ್ಕೂ ಸ್ವಲ್ಪ ಜಾಸ್ತಿ. ಅಂದರೆ ಎರಡು ಸಿಮೆಂಟ್ ಮೂಟೆಗಳನ್ನು ಹಗ್ಗ ಕಟ್ಟಿ ಕಾರಿನ ಹಿಂದೆ ತೂಗುಬಿಟ್ಟ ಹಾಗೆ. ಹಗಲೂ ರಾತ್ರಿ, ಊಟಕ್ಕೆ ಹೋದಾಗಲೂ, ಬಿಡುವಿಲ್ಲದೆ.

"ಹ್ಯಾಂಡ್‌ಬ್ರೇಕ್ ಇದೆಯಲ್ಲ, ಗೇರಿನಲ್ಲಿ ಬೇರೆ ಇರುತ್ತೆ" ಅನ್ನುತ್ತೀರಿ. ಬೇರೆ ಕೆಲಸಕ್ಕಾದರೆ ಆ ಮಾತು ಅರ್ಧವಾದರೂ ಸರಿ. ಎಂಜಿನ್ ಇಳಿಸುವಾಗ ಸುಳ್ಳು. ಯಾಕೆ ಅಂತ ಕೇಳಿ.

ಗೇರಿನಲ್ಲಿ ನಿಲ್ಲಿಸಿದ ಕಾರನ್ನು ಹಿಡಿದಿಡೋದು ಯಾವುದು? ಎಂಜಿನ್ನೇ. ಸಿಲಿಂಡರಿನೊಳಗಿನ ಗಾಳಿಯ ಒತ್ತಡ ಗೇರ್‌ಬಾಕ್ಸ್ ಮೂಲಕ, ಡ್ರೈವ್ ಶಾಫ್ಟ್ ಮೂಲಕ ಚಕ್ರವನ್ನು ತಿರುಗಲು ಬಿಡೋದಿಲ್ಲ. ಮಾರುತಿ 800ರಲ್ಲಿ ಎಂಜಿನ್ ತಿರುಗಿಸೋದು ಮುಂದಿನ ಚಕ್ರಗಳನ್ನು. ಕೆಳಗೆ ತೂರಲು ಮುಂಭಾಗವನ್ನು ಜಾಕ್ ಹಾಕಿ ಎತ್ತಿದ ಕ್ಷಣ ಆ ಚಕ್ರಗಳು ಗಾಳಿಯಲ್ಲಿ. ಎಂಜಿನ್ನನ್ನು ಗೇರ್‌ಬಾಕ್ಸ್ ಸಮೇತ ತೆಗೆಯಬೇಕಾದರೆ ಡ್ರೈವ್ ಶಾಫ್ಟ್ ಬಿಚ್ಚಲೇಬೇಕು. ಅಲ್ಲಿಗೆ ಗೇರಿನ ಕಥೆ ಮುಗೀತು. ಅಂಬಾಸಿಡರ್, ಫಿಯಟ್ ಇಟ್ಟುಕೊಂಡವರೂ ಬೀಗಬೇಡಿ. ಅವುಗಳಲ್ಲಿ ತಿರುಗೋದು ಹಿಂದಿನ ಚಕ್ರ ನಿಜ, ಆದರೆ ಎಂಜಿನ್ ಹೊರಗೆ ಬಂದ ಮೇಲೆ ಗೇರ್ ಹಾಕಿದರೂ ತಡೆಯಲು ಆ ತುದಿಯಲ್ಲಿ ಯಾರಿದ್ದಾರೆ? ಎಂಜಿನ್ ಇಳಿಸೋ ಕೆಲಸ ಅಂದರೆ ಕಾರನ್ನು ಹಿಡಿದಿಟ್ಟ ಕೈಯನ್ನೇ ಕತ್ತರಿಸೋ ಕೆಲಸ.

ಉಳಿದದ್ದು ಹ್ಯಾಂಡ್‌ಬ್ರೇಕು. ಅದು ಹಿಂದಿನ ಎರಡು ಚಕ್ರಕ್ಕೆ ಹೋಗುವ ಕೇಬಲ್ಲು. ರಿಂಗು ಹೋಗುವವರೆಗೂ ಓಡಿದ ಕಾರಿನ ಹ್ಯಾಂಡ್‌ಬ್ರೇಕ್ ಕೇಬಲ್ ಯಾವ ಸ್ಥಿತಿಯಲ್ಲಿರುತ್ತೆ ಅಂತ ನಿಮಗೆ ನಾನು ಹೇಳಬೇಕೆ? ನಮ್ಮ ಕೆಲಸದಲ್ಲಿ ಯಾರಾದರೂ ಇಂಥ ಡಿಸೈನ್ ತಂದರೆ "ಇಡೀ ಸಿಸ್ಟಮ್ ಒಂದೇ ದಾರದ ಮೇಲೆ ನಿಂತಿದೆಯಲ್ಲಾ" ಅಂತ ರಿವ್ಯೂನಲ್ಲೇ ಉಗಿದು ಕಳಿಸುತ್ತೇವೆ. ನಮ್ಮ ಭಾಷೆಯಲ್ಲಿ ರೋಲ್‌ಬ್ಯಾಕ್ ಅಂದರೆ ಬಚಾವಾದೆವು ಅಂತ. ರ‍್ಯಾಂಪಿನ ಮೇಲೆ ರೋಲ್‌ಬ್ಯಾಕ್ ಅಂದರೆ ಅರ್ಥವೇ ಬೇರೆ.

ಇನ್ನು ಎತ್ತುವ ಸಂಗತಿ. ಚೈನ್ ಪುಲ್ಲಿಗೆ ನಿಮ್ಮ ರ‍್ಯಾಂಪು ಗೊತ್ತಿಲ್ಲ. ಅದು ಭೂಮಿಗೆ ನೆಟ್ಟಗೆ ಎಳೆಯುತ್ತದೆ. ಕಾರು ಮಾತ್ರ ಓರೆಯಾಗಿ ನಿಂತಿದೆ. ಎಂಜಿನ್ ಎರಡು ಅಡಿ ಮೇಲೆ ಬರುವಷ್ಟರಲ್ಲಿ ಅದು ಕಾರಿನ ಮಟ್ಟಿಗೆ ನಾಲ್ಕು ಇಂಚು ಇಳಿಜಾರಿನ ಮೇಲ್ಬದಿಗೆ ಸರಿದಿರುತ್ತದೆ. ಮೂತಿ ಮೇಲಿದ್ದರೆ ರೇಡಿಯೇಟರ್ ಕಡೆಗೆ, ಮೂತಿ ಕೆಳಗಿದ್ದರೆ ಡ್ಯಾಶ್‌ಬೋರ್ಡ್ ಹಿಂದಿನ ತಗಡಿನ ಗೋಡೆ ಕಡೆಗೆ. ಆ ಇಕ್ಕಟ್ಟಿನಲ್ಲಿ ನಾಲ್ಕು ಇಂಚು ಎಲ್ಲಿಂದ ತರುತ್ತೀರಿ? ತಗುಲಿಕೊಳ್ಳುತ್ತದೆ. ತಗುಲಿಕೊಂಡದ್ದನ್ನು ಬಿಡಿಸಲು ಯಾರೋ ಕೈ ಹಾಕಬೇಕು. ಒಬ್ಬ ಆಳಿಗಿಂತ ಭಾರದ ಕಬ್ಬಿಣ ಸರಪಳಿಯಲ್ಲಿ ತೂಗಾಡುತ್ತಿರುವಾಗ, ಅದಕ್ಕೂ ತಗಡಿಗೂ ನಡುವೆ ಬೆರಳು. ಚಕ್ರ ಇರುವ ಎಂಜಿನ್ ಕ್ರೇನ್ ಬಾಡಿಗೆಗೆ ತಂದರೆ ಇನ್ನೂ ಚೆಂದ. ಆ ಪುಟ್ಟ ಚಕ್ರಗಳ ಮೇಲೆ ಅದೂ ಜಾರಲು ರೆಡಿ. ಸೋರಿದ ಆಯಿಲ್ಲು, ಕೂಲೆಂಟು ಇಳಿಜಾರಿನಲ್ಲಿ ಹರಿದು ಸರಿಯಾಗಿ ಕೆಳಗೆ ನಿಂತವನ ಕಾಲಡಿಗೆ ಬರುತ್ತದೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಅದೂ ತಗ್ಗಿಗೇ ಹೋಗಿ ಕೂರುತ್ತದೆ. ಇಳಿಜಾರಿನಲ್ಲಿ ಕೆಟ್ಟದ್ದೆಲ್ಲ ಕೆಳಗಿದ್ದವನಿಗೇ.

ಕೆಳಗಿರೋದು ಯಾರು?

ನಮ್ಮ ಬೀದಿಯಲ್ಲಿ ಕಂಡದ್ದನ್ನು ಹೇಳುತ್ತೇನೆ. ಭಾನುವಾರ ಬೆಳಗ್ಗೆ, ರ‍್ಯಾಂಪಿನ ಮೇಲೆ ಮೂತಿ ಮೇಲೆ ಮಾಡಿ ನಿಂತ ಕಾರು. ಮೂರು ಕಬ್ಬಿಣದ ಪೈಪು ಸೇರಿಸಿದ ಮುಕ್ಕಾಲಿ, ಅದರ ಒಂದು ಕಾಲಿನ ಕೆಳಗೆ ಎತ್ತರ ಸಾಲದೆ ಎರಡು ಇಟ್ಟಿಗೆ. ಮೆಕ್ಯಾನಿಕ್ ಸರಪಳಿ ಎಳೆಯುತ್ತಿದ್ದ. ಹಿಂದಿನ ಚಕ್ರಕ್ಕೆ ಕೊಟ್ಟಿದ್ದ ಕಲ್ಲು ಗುಂಡಗಿತ್ತು. ಅದು ಜಾರದಿರಲಿ ಅಂತ ಅಸಿಸ್ಟೆಂಟ್ ಹುಡುಗ ಕಲ್ಲಿನ ಹಿಂದೆ ಕಾಲು ಒತ್ತಿ ಕೂತಿದ್ದ. ರಬ್ಬರ್ ಚಪ್ಪಲಿ. ಮೀಸೆ ಇನ್ನೂ ಮೂಡಿರಲಿಲ್ಲ.

"ಕಾಲು ತೆಗಿಯೋ" ಅಂದೆ.

"ಏನಾಗಲ್ಲ ಬಿಡಣ್ಣ, ಅಭ್ಯಾಸ ಇದೆ" ಅಂದ.

ಎಂಜಿನ್ ಎಲ್ಲೋ ತಗುಲಿಕೊಂಡಿದ್ದು ಬಿಡಿಸಿಕೊಂಡು ಮೇಲೆ ಬಂತು. ಆ ಕುಲುಕಿಗೆ ಕಾರು ನಾಲ್ಕು ಬೆರಳು ಹಿಂದೆ ಸರಿದು ನಿಂತಿತು. ಕಲ್ಲು ಸರಿಯಿತು, ಹುಡುಗ ಕಾಲು ಎಳೆದುಕೊಂಡ. ನಕ್ಕ. ಮೇಲೆ ಬಾಲ್ಕನಿಯಲ್ಲಿ ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿದ್ದ ಮನೆ ಯಜಮಾನರು, "ಅವರಿಗೆ ಇದೆಲ್ಲಾ ಮಾಮೂಲು ಕಣ್ರೀ" ಅಂದರು. ಅವರೂ ಎಂಜಿನಿಯರ್, ರಿಟೈರ್ಡ್. ನಾನು ನಮ್ಮ ಮನೆಯಿಂದ ಎರಡು ದಪ್ಪ ಮರದ ತುಂಡು ತಂದು ಕೊಟ್ಟೆ. ಮೆಕ್ಯಾನಿಕ್ ಮೆಲ್ಲಗೆ ಹೇಳಿದ: "ಗ್ಯಾರೇಜಿಗೆ ತರಿಸಿ ಅಂತ ನಾನೇ ಅಂದೆ ಸಾರ್. ಟೋಯಿಂಗ್ ದುಡ್ಡು ಕೊಡಲ್ಲ, ಬೇರೆಯವರನ್ನ ಕರೀತೀನಿ ಅಂದ್ರು."

ಈ ಮಾತು ಕೇಳಿದ ಮೇಲೆ "ಅವನೇ ಒಪ್ಪಿಕೊಂಡು ಬಂದಿದ್ದಾನೆ, ನಾವೇನು ಬಲವಂತ ಮಾಡಿದ್ವಾ?" ಅನ್ನುವ ವಾದವನ್ನು ದಯವಿಟ್ಟು ನನ್ನ ಹತ್ತಿರ ತರಬೇಡಿ. ಬೇಡ ಅಂದರೆ ಕೆಲಸವೇ ಇಲ್ಲ ಅನ್ನುವವನ ಒಪ್ಪಿಗೆ ಎಂಥ ಒಪ್ಪಿಗೆ? "ಅಭ್ಯಾಸ ಇದೆ" ಅನ್ನೋದೂ ಅಷ್ಟೆ. ಆ ಸೂತ್ರದಲ್ಲಿ ಎಂ ಇದೆ, ಜಿ ಇದೆ, ಥೀಟಾ ಇದೆ. ಅಭ್ಯಾಸ ಅನ್ನುವ ಅಕ್ಷರ ನನಗೆಲ್ಲೂ ಕಾಣಲಿಲ್ಲ. ಇನ್ನು ಆ ಹುಡುಗನ ವಯಸ್ಸು. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಆದ ತಿದ್ದುಪಡಿಯ ಪ್ರಕಾರ 14ರಿಂದ 18ರೊಳಗಿನವರನ್ನು ಅಪಾಯಕಾರಿ ಅಂತ ಪಟ್ಟಿ ಮಾಡಿದ ಕೆಲಸಗಳಿಗೆ ಹಚ್ಚುವ ಹಾಗಿಲ್ಲ. ಪಟ್ಟಿ ಹುಡುಕುವುದೂ ಬೇಡ. ನಿಮ್ಮ ಮಗನ ಕಾಲನ್ನು ಆ ಕಲ್ಲಿನ ಹಿಂದೆ ಇಡಿಸುತ್ತೀರಾ? ಇಲ್ಲ ಅನ್ನೋದಾದರೆ ಉತ್ತರ ನಿಮಗೆ ಆಗಲೇ ಗೊತ್ತು.

"ನಾನು ಯಾರನ್ನೂ ಕರೆಯಲ್ಲ ಗುರೂ, ಯೂಟ್ಯೂಬ್ ನೋಡಿ ನಾನೇ ಮಾಡ್ತೀನಿ" ಅನ್ನುವ ಉತ್ಸಾಹಿಗಳಿಗೂ ಒಂದು ಮಾತು. ಕೈ ಮಸಿ ಮಾಡಿಕೊಳ್ಳೋದು ನನಗೂ ಇಷ್ಟ, ಮಾಡಿ. ಆದರೆ ಅಮೆರಿಕದಿಂದ ಬರೋ ವಿಡಿಯೋಗಳಲ್ಲಿ ಬಹುಪಾಲು ಸಮತಟ್ಟು ಕಾಂಕ್ರೀಟ್ ನೆಲ ಇರೋದನ್ನೂ ಗಮನಿಸಿ. ಅಲ್ಲೂ ಇಳಿಜಾರು ಯಾರನ್ನೂ ಬಿಟ್ಟಿಲ್ಲ. 2016ರ ಜೂನ್‌ನಲ್ಲಿ ಲಾಸ್ ಏಂಜಲೀಸಿನಲ್ಲಿ ನಟ ಆಂಟನ್ ಯೆಲ್ಚಿನ್ ಸತ್ತದ್ದು ತನ್ನದೇ ಮನೆಯ ಕಡಿದಾದ ಡ್ರೈವ್‌ವೇಯಲ್ಲಿ. ಎಂಜಿನ್ ಬಿಚ್ಚಿರಲಿಲ್ಲ, ಜಾಕ್ ಹಾಕಿರಲಿಲ್ಲ. ನಿಲ್ಲಿಸಿ ಇಳಿದಿದ್ದ ಕಾರು ಹಿಂದಕ್ಕೆ ಉರುಳಿ ಅವನನ್ನು ಗೇಟಿನ ಕಂಬಕ್ಕೆ ಒತ್ತಿಬಿಟ್ಟಿತು. ವಯಸ್ಸು 27, ಹೆಚ್ಚುಕಮ್ಮಿ ನನ್ನದೇ. ಪೂರ್ತಿ ಜೋಡಿಸಿದ ಕಾರೇ ಹೀಗೆ ಮಾಡಬಲ್ಲದಾದರೆ ಅರ್ಧ ಬಿಚ್ಚಿದ ಕಾರಿನ ಮಾತೇನು? ನಿಮ್ಮ ರ‍್ಯಾಂಪಿನ ಕೆಳತುದಿ ಇರೋದು ರಸ್ತೆಯಲ್ಲಿ. ಅಲ್ಲಿ ಸೈಕಲ್ ಹೊಡೆಯುವ ಮಕ್ಕಳು ಯೂಟ್ಯೂಬ್ ನೋಡಿ ಬಂದವರಲ್ಲ.

ಇನ್ನೊಂದನ್ನು ಯಾರೂ ಯೋಚಿಸೋದಿಲ್ಲ. ಎಂಜಿನ್ ಒಂದೇ ದಿನಕ್ಕೆ ವಾಪಸ್ ಬರೋದಿಲ್ಲ. ಬ್ಲಾಕ್ ಬೋರಿಂಗ್‌ಗೆ ಹೋಗಬೇಕು, ಜೆ.ಸಿ. ರೋಡಿನಲ್ಲಿ ಪಿಸ್ಟನ್ ಸಿಗಬೇಕು, ಸಿಕ್ಕಿದ್ದು ಕೂರಬೇಕು. ಅಷ್ಟೂ ದಿನ ಎಂಜಿನ್ ಇಲ್ಲದ, ಗೇರಿಗೆ ಅರ್ಥವಿಲ್ಲದ ಒಂದು ಡಬ್ಬ ನಿಮ್ಮ ರ‍್ಯಾಂಪಿನ ಮೇಲೆ ಆ ಹಳೇ ಕೇಬಲ್ ನಂಬಿಕೊಂಡು ನಿಂತಿರುತ್ತದೆ. ರಾತ್ರಿ ಮಳೆ ಬರುತ್ತದೆ. ನಿಮಗೆ ನಿದ್ದೆ ಬರುತ್ತಾ?

ಹಾಗಾದರೆ ಏನು ಮಾಡಬೇಕು? ಕಷ್ಟದ್ದೇನೂ ಇಲ್ಲ. ಗೇರು, ಬ್ರೇಕು ಎಲ್ಲ ಸರಿಯಿರುವಾಗಲೇ, ಒಂದು ನಟ್ಟೂ ಬಿಚ್ಚುವ ಮೊದಲೇ, ಕಾರನ್ನು ಸಮತಟ್ಟು ಜಾಗಕ್ಕೆ ತನ್ನಿ. ಗ್ಯಾರೇಜಾದರೆ ಒಳ್ಳೆಯದು, ಟೋಯಿಂಗ್ ದುಡ್ಡು ಕೊಡಿ. ಮಾಲ್‌ನಲ್ಲಿ ಒಂದು ಸಿನಿಮಾ, ಪಾಪ್‌ಕಾರ್ನ್ ಅಂತ ಲೆಕ್ಕ ಕೇಳದೆ ಕೊಟ್ಟು ಬರುವವರು ನಾವು. ಮೆಕ್ಯಾನಿಕ್ ಮೇಲೆ ಅನುಮಾನವಿದ್ದರೆ ಗ್ಯಾರೇಜಿನಲ್ಲೇ ಸ್ಟೂಲ್ ಹಾಕಿಕೊಂಡು ಕೂತುಕೊಳ್ಳಿ, ಟೀ ಅವರೇ ತರಿಸುತ್ತಾರೆ :-) ಸಮ ನೆಲದಲ್ಲೂ ಎತ್ತದೆ ಉಳಿದ ಚಕ್ರಗಳಿಗೆ ಎರಡೂ ಕಡೆ ಬೆಣೆ ಇರಲಿ, ಗುಂಡುಕಲ್ಲು ಬೇಡ. ಕಾರಿನ ಭಾರ ಸ್ಟ್ಯಾಂಡಿನ ಮೇಲೆ ಇರಲಿ, ಬರೀ ಜಾಕಿನ ಮೇಲೆ ಬೇಡ. ಎತ್ತಿದ ಎಂಜಿನ್ ಕೆಳಗೆ ಯಾರ ಅಂಗವೂ ಇರಬಾರದು.

ಬೆಣೆ ಅಂದರೆ ನಮಗೇನು ಹೊಸದಲ್ಲ. ತೇರು ಎಳೆಯುವಾಗ ನೋಡಿ. ಸಾವಿರ ಜನ ಹಗ್ಗ ಹಿಡಿದಿದ್ದರೂ, ಗಾಲಿಗೆ ಮರದ ಬೆಣೆ ಕೊಡುವವನ ಮೇಲೆಯೇ ಎಲ್ಲರ ಕಣ್ಣು. ಘಾಟಿಯಲ್ಲಿ ಕೆಟ್ಟು ನಿಂತ ಲಾರಿಯಿಂದ ಕ್ಲೀನರ್ ಮೊದಲು ಹಾರೋದು ಮರದ ತುಂಡು ಹಿಡಿದುಕೊಂಡು. ಶಾಲೆ ಮೆಟ್ಟಿಲು ಹತ್ತದವರೂ ಇಳಿಜಾರಿಗೆ ಮರ್ಯಾದೆ ಕೊಡುವ ನಾಡು ಇದು. ನಾವು ಮಾತ್ರ ಮೊದಲ ವರ್ಷದ ಮೆಕ್ಯಾನಿಕ್ಸ್ ಪೇಪರಿನಲ್ಲಿ ಇಳಿಜಾರಿನ ಮೇಲೊಂದು ಚೌಕ ಬರೆದು, ಬಾಣ ಎಳೆದು, ಮಾರ್ಕ್ಸ್ ತೆಗೆದುಕೊಂಡು ಮರೆತೆವು. ಪ್ರತಿ ಸೆಪ್ಟೆಂಬರ್ 15ಕ್ಕೆ ವಿಶ್ವೇಶ್ವರಯ್ಯನವರ ಪೇಟದ ಫೋಟೋ ಹಾಕಿ ಒಬ್ಬರಿಗೊಬ್ಬರು ಶುಭಾಶಯ ಹೇಳಿಕೊಳ್ಳುತ್ತೇವಲ್ಲ, ಆ ಎಂಜಿನಿಯರುಗಳು ನಾವೇ ತಾನೆ?

ಮೆಕ್ಯಾನಿಕ್ಕಿಗೆ ಫೋನ್ ಮಾಡಿ "ಎಷ್ಟಾಗುತ್ತಪ್ಪಾ?" ಅಂತ ಕೇಳುವ ಮೊದಲು ಒಂದು ಬಕೆಟ್ ನೀರನ್ನು ನಿಮ್ಮ ರ‍್ಯಾಂಪಿನ ಮೇಲೆ ಸುರಿದು ನೋಡಿ. ನೀರು ಹರಿದು ರಸ್ತೆಗೆ ಹೋಯಿತೋ, ಅಲ್ಲಿ ಎಂಜಿನ್ ಇಳಿಸುವ ಹಾಗಿಲ್ಲ. ಇದನ್ನು ಒಪ್ಪದವರು ಖಂಡಿತ ಜಗಳಕ್ಕೆ ಬನ್ನಿ. ಬರುವಾಗ ಲೆಕ್ಕ ಮಾಡಿಕೊಂಡು ಬನ್ನಿ.