ವಾರಂಟಿ ಮುಗಿಯುವ ಮೊದಲೇ ಕಾರು ತೋರಿಸಿ: ಗಡಿನಾಡಿಗರು ಮರೆಯಬಾರದ ಲೆಕ್ಕ

ಕಾಸರಗೋಡು: ಆಸ್ಪತ್ರೆ, ಕಾಲೇಜು, ಜವಳಿಗೆ ತಲಪಾಡಿ ದಾಟುವ ಗಡಿನಾಡಿಗರಲ್ಲಿ ಕಾರು ಕೊಳ್ಳಲೂ ಮಂಗಳೂರಿಗೆ ಹೋಗುವವರಿದ್ದಾರೆ. ಬಿಲ್ಲು ಕರ್ನಾಟಕದ್ದು, ನಂಬರ್ ಪ್ಲೇಟು ಕೇರಳದ ಕೆಎಲ್ 14. ವಾರಂಟಿ ಮುಗಿಯುವ ಹೊತ್ತಿಗೆ ಕಾರನ್ನು ಯಾರಿಗೆ ತೋರಿಸಬೇಕೆಂಬ ಗೊಂದಲ ಹುಟ್ಟುವುದು ಇಲ್ಲಿಯೇ. ಗೊಂದಲದಲ್ಲೇ ದಿನ ಕಳೆದರೆ ನಷ್ಟ ಮಾಲೀಕನದು.

ವಾರಂಟಿ ಕೊಡುವುದು ತಯಾರಕ ಕಂಪೆನಿ, ಷೋರೂಂ ಅಲ್ಲ. ಆದ್ದರಿಂದ ಮಂಗಳೂರಿನಲ್ಲಿ ಕೊಂಡ ಕಾರನ್ನು ಅದೇ ಕಂಪೆನಿಯ ಕಾಸರಗೋಡಿನ ಅಧಿಕೃತ ಸರ್ವಿಸ್ ಸೆಂಟರಿನಲ್ಲೂ ತೋರಿಸಬಹುದು. "ಎಲ್ಲಿ ಕೊಂಡಿರೋ ಅಲ್ಲಿಗೇ ಹೋಗಿ" ಎಂಬ ಉತ್ತರ ಬಂದರೆ ವಾರಂಟಿ ಪುಸ್ತಕ ತೆರೆದು ತೋರಿಸುವುದೇ ಸರಿ.

ಯಾವುದು ಮೊದಲೋ ಅದು

ಮಾರುತಿ ಸುಜುಕಿ 2024ರ ಜುಲೈ 9ರಿಂದ ವಿತರಿಸಿದ ಕಾರುಗಳಿಗೆ ವಾರಂಟಿಯನ್ನು 2 ವರ್ಷ ಅಥವಾ 40,000 ಕಿ.ಮೀ.ನಿಂದ 3 ವರ್ಷ ಅಥವಾ 1 ಲಕ್ಷ ಕಿ.ಮೀ.ಗೆ ಏರಿಸಿತು. ಎರಡರಲ್ಲಿ ಯಾವುದು ಮೊದಲು ಮುಗಿಯುತ್ತದೋ ಅಲ್ಲಿಗೆ ವಾರಂಟಿ ಮುಗಿಯಿತು. ದಿನವೂ ಬದಿಯಡ್ಕದಿಂದ ಮಂಗಳೂರಿಗೆ ಓಡುವ ಕಾರಿಗೆ ಕ್ಯಾಲೆಂಡರಿಗಿಂತ ಮೀಟರೇ ಮುಂದೆ ಹೋಗಬಹುದು.

ಬ್ರೇಕ್ ಪ್ಯಾಡ್, ಕ್ಲಚ್ ಪ್ಲೇಟ್, ವೈಪರ್ ಬ್ಲೇಡಿನಂಥ ಸವೆಯುವ ಭಾಗಗಳಿಗೆ ಈ ರಕ್ಷಣೆ ಸಾಮಾನ್ಯವಾಗಿ ಇಲ್ಲ. ಟೈರು, ಬ್ಯಾಟರಿಗೆ ಅವುಗಳ ತಯಾರಕರ ವಾರಂಟಿ ಬೇರೆ. ಕಂಪೆನಿ ಹೊಣೆ ಹೊರುವುದು ತಯಾರಿಕೆಯ ದೋಷಕ್ಕೆ. ಅಂಥ ದೋಷಗಳಲ್ಲಿ ಹಲವು ಕಣ್ಣಿಗೆ ಬೀಳುವುದೇ ಕಾರನ್ನು ಲಿಫ್ಟಿನ ಮೇಲೆ ಎತ್ತಿದಾಗ: ಎಂಜಿನ್, ಗೇರ್‌ಬಾಕ್ಸ್ ಸುತ್ತ ಎಣ್ಣೆ ಜಿನುಗು, ಶಾಕ್ ಅಬ್ಸಾರ್ಬರ್ ಸೋರಿಕೆ, ಸ್ಟೇರಿಂಗ್ ಭಾಗದ ಸಡಿಲು. ಕರಾವಳಿಯ ಮಳೆ ಮತ್ತು ಉಪ್ಪುಗಾಳಿಗೆ ಬಾಗಿಲ ರಬ್ಬರಿನಿಂದ ನೀರು ಇಳಿಯುತ್ತದೆಯೇ, ತಳಭಾಗದಲ್ಲಿ ತುಕ್ಕು ಹಿಡಿದಿದೆಯೇ ಎಂಬುದನ್ನೂ ನೋಡಬೇಕು.

ಊರಿನ ಮೆಕ್ಯಾನಿಕ್‌ಗೆ ಮೊದಲು ತೋರಿಸುವುದರಲ್ಲಿ ತಪ್ಪಿಲ್ಲ. ಆದರೆ ಯಾವ ಭಾಗವನ್ನೂ ಬಿಚ್ಚಿಸಬಾರದು. ಬಿಚ್ಚಿದರೆ "ಹೊರಗೆ ಕೈ ಹಾಕಿಸಿದ್ದೀರಿ" ಎಂದು ವಾರಂಟಿ ನಿರಾಕರಿಸಲು ಕಾರಣ ಸಿಕ್ಕಿದಂತೆ.

ಬಾಯಿಮಾತಿಗೆ ಬೆಲೆಯಿಲ್ಲ

ತಪಾಸಣೆಗಿಂತ ಮುಖ್ಯವಾದುದು ಅದರ ದಾಖಲೆ. ಜಾಬ್ ಕಾರ್ಡಿನಲ್ಲಿ "ಜನರಲ್ ಚೆಕಪ್" ಎಂದಷ್ಟೇ ಇದ್ದರೆ ಮುಂದೆ ಪ್ರಯೋಜನಕ್ಕೆ ಬಾರದು. "ಬಲಕ್ಕೆ ತಿರುಗಿಸುವಾಗ ಮುಂದಿನ ಎಡಚಕ್ರದಲ್ಲಿ ಶಬ್ದ" ಎಂದು ದೂರನ್ನು ಬಿಡಿಸಿ ಬರೆಸಬೇಕು. ಕನ್ನಡ, ಮಲಯಾಳ ಎರಡೂ ಬಲ್ಲವರಿಗೂ ಇಂಗ್ಲಿಷಿನ ಚುಟುಕು ಬರಹ ಅರ್ಥವಾಗದಿರಬಹುದು. ಓದಿಸಿ ಕೇಳಿದ ಮೇಲೆಯೇ ಸಹಿ ಹಾಕಿ, ದಿನಾಂಕ ಮತ್ತು ಕಿ.ಮೀ. ನಮೂದಾದ ಪ್ರತಿಯನ್ನು ಮನೆಗೆ ತರಬೇಕು. ಬಿಡಿಭಾಗ ಬರುವಷ್ಟರಲ್ಲಿ ಅವಧಿ ಮುಗಿದರೂ, ದೋಷ ಅವಧಿಯೊಳಗೇ ಇತ್ತೆಂಬುದಕ್ಕೆ ಆ ಕಾಗದವೇ ಸಾಕ್ಷಿ. ಒಂದೆರಡು ತಿಂಗಳು ಮುಂಚೆಯೇ ಹೋದರೆ ಎರಡನೇ ಸಲ ತೋರಿಸಲೂ ಸಮಯ ಉಳಿಯುತ್ತದೆ. ವಿಸ್ತರಿತ ವಾರಂಟಿ ಕೊಳ್ಳುವವರಿಗೂ ಈ ಕ್ರಮವೇ ಸರಿ, ಏಕೆಂದರೆ ಹಳೆಯ ದೋಷವನ್ನು ಹೊಸ ಒಪ್ಪಂದ ಹೊರಲೇಬೇಕೆಂದಿಲ್ಲ.

ದೂರು ಈಗ ಸ್ವಂತ ಜಿಲ್ಲೆಯಲ್ಲೇ

ಗಡಿಯವರಿಗೆ ನಿಜವಾದ ಬಲ ಬಂದದ್ದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಿಂದ. 1986ರ ಕಾಯ್ದೆಯಡಿ ಎದುರು ಪಕ್ಷದ ವ್ಯವಹಾರ ಇರುವಲ್ಲಿ ಅಥವಾ ವ್ಯಾಜ್ಯ ಹುಟ್ಟಿದಲ್ಲಿ ದೂರು ಕೊಡಬೇಕಿತ್ತು. 2020ರ ಜುಲೈ 20ರಿಂದ ಜಾರಿಯಾದ ಹೊಸ ವ್ಯವಸ್ಥೆಯಲ್ಲಿ ಗ್ರಾಹಕ ತಾನು ವಾಸಿಸುವ ಜಿಲ್ಲೆಯ ಆಯೋಗಕ್ಕೇ ದೂರು ಸಲ್ಲಿಸಬಹುದು. ಮಂಗಳೂರಿನ ಬಿಲ್ಲಿಗೂ ಕಾಸರಗೋಡಿನ ಆಯೋಗ ಸಾಕು. ಸೊಲ್ಲಾಪುರ, ಹೊಸೂರು, ಆದೋನಿಯ ಕನ್ನಡಿಗರಿಗೂ ಇದೇ ನಿಯಮ. ವ್ಯಾಜ್ಯ ಹುಟ್ಟಿದ ದಿನದಿಂದ 2 ವರ್ಷದೊಳಗೆ ದೂರು ಸಲ್ಲಬೇಕು. ಹೊಟ್ಟೆಪಾಡಿಗಾಗಿ ಸ್ವಂತ ಟ್ಯಾಕ್ಸಿ ಓಡಿಸುವವರೂ ಕಾನೂನಿನ ಕಣ್ಣಿಗೆ ಗ್ರಾಹಕರೇ. ಮೊದಲ ಹೆಜ್ಜೆಯಾಗಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಕಾನೂನು ಗಡಿಯನ್ನು ಅಳಿಸಿದೆ, ಆದರೆ ಗಡುವನ್ನು ಅಳಿಸಿಲ್ಲ. ಅವಧಿ ಮುಗಿದ ಮರುದಿನ ಸರ್ವಿಸ್ ಸೆಂಟರಿಗೆ ಓಡುವುದು ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದಂತೆಯೇ ಸರಿ.