ನಾಯಿಯ ಜೊತೆ ಮನೆಯವರೂ ಕಲಿಯಬೇಕು

ಬಂಡೀಪುರದ ರಾಣಾನ ಹೆಸರನ್ನು ಮೈಸೂರು ಸೀಮೆಯವರು ಪತ್ರಿಕೆಗಳಲ್ಲಿ ಓದಿರುತ್ತಾರೆ. ಅರಣ್ಯ ಇಲಾಖೆಯಲ್ಲಿದ್ದ ಜರ್ಮನ್ ಶೆಫರ್ಡ್ ಅದು. 2019ರ ಅಕ್ಟೋಬರಿನಲ್ಲಿ ಗುಂಡ್ಲುಪೇಟೆಯ ಚೌಡಹಳ್ಳಿ ಸುತ್ತಮುತ್ತ ಇಬ್ಬರನ್ನು ಕೊಂದ ಹುಲಿಯ ಹುಡುಕಾಟಕ್ಕೆ ಸಾಕಾನೆಗಳ ಜೊತೆ ರಾಣಾನನ್ನೂ ಇಳಿಸಿದ್ದರು. ಅವನು ಪಳಗಿದ್ದು ಭೋಪಾಲದ ಶ್ವಾನ ತರಬೇತಿ ಕೇಂದ್ರದಲ್ಲಿ, ವನ್ಯಜೀವಿ ಕಳ್ಳಸಾಗಣೆ ತಡೆಯಲು ಟ್ರಾಫಿಕ್ ಸಂಸ್ಥೆ 2008ರಲ್ಲಿ ಆರಂಭಿಸಿದ ಯೋಜನೆಯ ಅಡಿಯಲ್ಲಿ. ಆ ಯೋಜನೆಯ ಒಂದು ಪದ್ಧತಿಯನ್ನು ನಾಯಿ ಸಾಕುವವರೆಲ್ಲ ಗಮನಿಸಬೇಕು. ಅಲ್ಲಿಗೆ ನಾಯಿಯನ್ನಷ್ಟೇ ಕಳಿಸುವುದಿಲ್ಲ. ಒಂದು ನಾಯಿಗೆ ಇಬ್ಬರು ಸಿಬ್ಬಂದಿಯಂತೆ ಅವರೂ ಹೋಗಿ, ತಿಂಗಳುಗಟ್ಟಲೆ ಅದರ ಜೊತೆಗಿದ್ದು, ಊಟ ಹಾಕಿ, ಮೈ ಬಾಚಿ, ಒಟ್ಟಿಗೆ ಕಲಿತು ಬರುತ್ತಾರೆ. ಮುಂದೆ ಕಾಡಿನಲ್ಲಿ ಅದು ಕೆಲಸ ಮಾಡುವುದೂ ಅವರ ಜೊತೆಗೇ.

ನಮ್ಮ ಮನೆಗಳಲ್ಲಿ ಆಗುತ್ತಿರುವುದು ಇದಕ್ಕೆ ತಿರುಗುಮುರುಗು. ಸಾಲಿಗ್ರಾಮ, ಕೆ.ಆರ್. ನಗರ, ಹುಣಸೂರಿನ ಕಡೆ ಈಗ ಲ್ಯಾಬ್ರಡಾರ್, ರಾಟ್‌ವೀಲರ್, ಜರ್ಮನ್ ಶೆಫರ್ಡ್ ಮರಿಗಳು ತೋಟದ ಮನೆಗಳಿಗೂ ಬಂದಿವೆ. ಮರಿ ದೊಡ್ಡದಾಗಿ, ಬಂದವರ ಮೇಲೆ ಹಾರಿ, ಸರಪಳಿ ಹಿಡಿದವರನ್ನೇ ಎಳೆದುಕೊಂಡು ಹೋಗಲು ಶುರು ಮಾಡಿದ ಮೇಲೆ ಯಾರೋ ಟ್ರೈನರ್ ವಿಷಯ ಹೇಳುತ್ತಾರೆ. ನಾಯಿಯನ್ನು ಕಾರಿಗೆ ಹತ್ತಿಸಿ ಮೈಸೂರಿಗೋ ಬೆಂಗಳೂರಿಗೋ ಕರೆದೊಯ್ದು ಒಂದು ತಿಂಗಳು ಬಿಟ್ಟು ಬರುತ್ತಾರೆ. ವಾಪಸ್ ಬಂದ ನಾಯಿ ಟ್ರೈನರ್ ಎದುರು ಹೇಳಿದ ಹಾಗೆ ಕೇಳುತ್ತದೆ, ಮನೆಯಲ್ಲಿ ವಾರ ಕಳೆಯುವುದರೊಳಗೆ ಮೊದಲಿನಂತೆಯೇ. ಆಗ ನಾಯಿಬಾಲದ ಗಾದೆ ನೆನಪಾಗುತ್ತದೆ. ಅದರಲ್ಲಿ ನಾಯಿಯ ತಪ್ಪೇನೂ ಇಲ್ಲ. ಅದು ಕಲಿತದ್ದು ಬೇರೊಂದು ಜಾಗದಲ್ಲಿ, ಬೇರೊಬ್ಬರ ಕೈಯಲ್ಲಿ. ಮನೆಯಲ್ಲಿ ಅದರ ಸುತ್ತಲಿನ ಯಾರೂ ಬದಲಾಗಿಲ್ಲ.

ನಾಯಿ ಹೇಗೆ ಕಲಿಯುತ್ತದೆ ಎಂಬುದು ತಿಳಿದರೆ ಇದು ಅರ್ಥವಾಗುತ್ತದೆ. ವಿದ್ಯುತ್ ಕಂಪನಿ ಸೆಸ್ಕ್‌ನಿಂದ ಮೀಟರ್ ಓದುವವರು ಬರುತ್ತಾರೆ ಅನ್ನಿ. ನಾಯಿ ಬೊಗಳುತ್ತದೆ. ಅವರು ಓದಿ, ಬಿಲ್ ಕೊಟ್ಟು ಹೊರಡುತ್ತಾರೆ. ಅವರು ಕೆಲಸ ಮುಗಿದು ಹೊರಟರೆಂದು ನಮಗೆ ಗೊತ್ತು. ನಾಯಿಯ ಲೆಕ್ಕದಲ್ಲಿ ಅವರನ್ನು ಓಡಿಸಿದ್ದು ತನ್ನ ಬೊಗಳಿಕೆ. ಹಾಲಿನವರು, ಪೇಪರಿನವರು, ಕೊರಿಯರ್‌ನವರು ದಿನವೂ ಅದೇ ಪಾಠವನ್ನು ಗಟ್ಟಿ ಮಾಡಿಸಿ ಹೋಗುತ್ತಾರೆ. ಒಳಗಿನಿಂದ ನಾವು ‘ಏಯ್, ಸುಮ್ನಿರೋ’ ಎಂದು ಕೂಗಿದರೆ, ಮನೆಯವರೂ ದನಿಗೂಡಿಸಿದರು ಎಂದುಕೊಳ್ಳುವ ನಾಯಿಗಳೂ ಇವೆ. ನಾಯಿಯ ವರ್ತನೆಗೆ ಹೀಗೆ ಏನೋ ಒಂದು ಪ್ರತಿಫಲ ಸಿಗುತ್ತಿರುತ್ತದೆ. ಅದನ್ನು ಕೊಡುತ್ತಿರುವವರು ಹೆಚ್ಚಿನ ಸಲ ನಾವೇ. ಒಳ್ಳೆಯ ಟ್ರೈನರ್ ಮನೆಗೆ ಬಂದ ಮೊದಲ ದಿನ ನಾಯಿಗಿಂತ ಹೆಚ್ಚಾಗಿ ಮನೆಯನ್ನು ನೋಡುವುದು ಇದೇ ಕಾರಣಕ್ಕೆ. ಊಟ ಹಾಕುವವರು ಯಾರು, ಹೊರಗೆ ಕರೆದೊಯ್ಯುವವರು ಯಾರು, ಹಾರಿದಾಗ ಮುದ್ದು ಮಾಡುವವರು ಯಾರು, ಬೈಯುವವರು ಯಾರು? ಅಪ್ಪ ‘ಸಿಟ್’ ಅಂದು, ಮಗಳು ‘ಕೂತ್ಕೊ’ ಅಂದು, ಅಜ್ಜಿ ‘ಹೋಗತ್ಲಾಗೆ’ ಅಂದರೆ ಆ ಪ್ರಾಣಿ ಏನನ್ನು ಹಿಡಿಯಬೇಕು? ನಾಯಿಗೆ ಇಂಗ್ಲಿಷೇ ಬೇಕೆಂಬ ನಿಯಮವಿಲ್ಲ. ‘ಬಾ’, ‘ಕೂತ್ಕೊ’, ‘ಸಾಕು’ ಧಾರಾಳವಾಗಿ ಆಗುತ್ತದೆ. ಎಲ್ಲರೂ ಅದೇ ಮಾತನ್ನು ಆಡಬೇಕು, ಅದಕ್ಕೆ ಅದೇ ಫಲ ಸಿಗಬೇಕು, ಅಷ್ಟೆ.

ತೋಟದ ಮನೆಯವರು ಒಂದು ಅನುಮಾನ ಎತ್ತುತ್ತಾರೆ: ಬೊಗಳದ ನಾಯಿ ಇಟ್ಟುಕೊಂಡು ಏನು ಮಾಡೋಣ? ನ್ಯಾಯವಾದ ಪ್ರಶ್ನೆ. ಬೊಗಳುವುದನ್ನೇ ನಿಲ್ಲಿಸಬೇಕಾಗಿಲ್ಲ. ಎರಡು ಸಲ ಬೊಗಳಿದ ಮೇಲೆ ಮನೆಯವರು ಬಂದು ನೋಡಿ, ‘ಸಾಕು’ ಎಂದು, ಸುಮ್ಮನಾದ ಆ ಕ್ಷಣಕ್ಕೇ ಒಂದು ಚೂರು ಬೇಯಿಸಿದ ಮೊಟ್ಟೆ ಕೊಡುತ್ತ ಬಂದರೆ, ಎಚ್ಚರಿಸುವುದು ತನ್ನ ಕೆಲಸ, ಮುಂದಿನದು ಮನೆಯವರದು ಎಂಬುದನ್ನು ನಾಯಿ ಕಲಿಯುತ್ತದೆ. ಆ ಕ್ಷಣಕ್ಕೇ ಎಂಬ ಮಾತನ್ನು ಒತ್ತಿ ಹೇಳಬೇಕು. ಅರ್ಧ ನಿಮಿಷ ತಡವಾದರೂ ಯಾವುದಕ್ಕೆ ಸಿಕ್ಕಿತೆಂಬುದು ಅದಕ್ಕೆ ತಿಳಿಯದು. ಹೊಡೆತಕ್ಕೂ ಇದೇ ಲೆಕ್ಕ. ಸಂಜೆ ಮನೆಗೆ ಬಂದು, ಬೆಳಿಗ್ಗೆ ಕಚ್ಚಿ ಹಾಕಿದ ಚಪ್ಪಲಿಗಾಗಿ ಹೊಡೆದರೆ, ಯಜಮಾನ ಮನೆಗೆ ಬರುವುದೇ ಭಯದ ಸಂಗತಿ ಎಂಬುದೊಂದೇ ಅದರ ತಲೆಗೆ ಹೋಗುತ್ತದೆ.

‘ನಾಯಿಗೆ ನೀವೇ ಯಜಮಾನ ಅಂತ ತೋರಿಸಿ, ನೆಲಕ್ಕೆ ಒತ್ತಿ ಹಿಡಿಯಿರಿ’ ಎಂದು ಹೇಳಿಕೊಡುವ ಟ್ರೈನರ್‌ಗಳು ಇಂದಿಗೂ ಇದ್ದಾರೆ. ಕಾದಾಡಿ ಗೆದ್ದದ್ದೇ ಹಿಂಡಿನ ಯಜಮಾನ ಎಂಬ ಈ ವಿಚಾರದ ಬೇರು 1947ರಲ್ಲಿ ರುಡಾಲ್ಫ್ ಶೆಂಕೆಲ್ ಬರೆದ ತೋಳಗಳ ಅಧ್ಯಯನದಲ್ಲಿದೆ. ಅವರು ನೋಡಿದ್ದು ಕೂಡಿಹಾಕಿದ ತೋಳಗಳನ್ನು. ಈ ಕಲ್ಪನೆಯನ್ನು 1970ರ ತಮ್ಮ ಪುಸ್ತಕದಿಂದ ಜನಪ್ರಿಯಗೊಳಿಸಿದ ವಿಜ್ಞಾನಿ ಡೇವಿಡ್ ಮೆಕ್, ಮುಂದೆ ಕಾಡಿನ ತೋಳಗಳನ್ನು ವರ್ಷಗಟ್ಟಲೆ ನೋಡಿ, ಹಿಂಡೆಂದರೆ ಅಪ್ಪ, ಅಮ್ಮ, ಮಕ್ಕಳ ಸಂಸಾರವೆಂದು 1999ರಲ್ಲಿ ತಾವೇ ತಿದ್ದಿ ಬರೆದರು. ಇದಕ್ಕೆ ನಾವು ಅಷ್ಟು ದೂರ ಹೋಗಬೇಕಿಲ್ಲ. ಮೈಸೂರಿನ ಕೃಪಾಕರ–ಸೇನಾನಿ ನಮ್ಮ ಕಾಡಿನ ಸೀಳುನಾಯಿಗಳ ಹಿಂದೆ ವರ್ಷಗಟ್ಟಲೆ ಅಲೆದು ಚಿತ್ರ ಮಾಡಿದ್ದಾರೆ. ಆ ಹಿಂಡಿನಲ್ಲೂ ಮರಿಗಳಿಗೆ ದೊಡ್ಡವು ಆಹಾರ ತಂದು ಕಕ್ಕಿ ಉಣಿಸುತ್ತವೆ, ಗುಂಪೇ ಸೇರಿ ಸಾಕುತ್ತದೆ. ಪೋರ್ಚುಗಲ್‌ನಲ್ಲಿ 92 ಸಾಕುನಾಯಿಗಳನ್ನು ಪರೀಕ್ಷಿಸಿ 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎಳೆತ–ಗದರಿಕೆಯ ಶಿಕ್ಷೆಯಿಂದ ಕಲಿತ ನಾಯಿಗಳಲ್ಲಿ ಒತ್ತಡದ ಲಕ್ಷಣಗಳು, ಕಾರ್ಟಿಸಾಲ್ ಹಾರ್ಮೋನಿನ ಏರಿಕೆ ಎರಡೂ ಹೆಚ್ಚಾಗಿ ಕಂಡವು. ಹೆದರಿಸಿ ಕಲಿಸಿದರೆ ನಾಯಿ ಕೆಲವು ಸಲ ಮಾತು ಕೇಳೀತು, ಆದರೆ ಹತ್ತಿರ ಬರುವುದಿಲ್ಲ. ಕೂಗಿ ಕರೆದಾಗ ಬಾಲ ಮುದುರಿಕೊಂಡು ನೆಲಕ್ಕೆ ಅಂಟಿ ಬರುವ ನಾಯಿಯನ್ನು ಶಿಸ್ತಿನ ನಾಯಿ ಎಂದು ಹೊಗಳುವುದನ್ನು ನಾವು ಬಿಡಬೇಕು.

ಗುರ್ ಅನ್ನುವ ನಾಯಿಯ ವಿಷಯ ಇದಕ್ಕಿಂತ ಗಂಭೀರ. ತಟ್ಟೆಯ ಹತ್ತಿರ ಮಗು ಹೋದಾಗ ಗುರ್ ಎಂದರೆ ಅದು ಎಚ್ಚರಿಕೆ, ಇನ್ನೂ ಕಚ್ಚಿಲ್ಲ. ಹೊಡೆದು ಆ ಗುರ್ ಅನ್ನು ನಿಲ್ಲಿಸಿದರೆ ಒಳಗಿನ ಭಯ ಹಾಗೇ ಉಳಿದು, ಮುಂದಿನ ಸಲ ಸೂಚನೆ ಕೊಡದೆ ಬಾಯಿ ಹಾಕುವ ಅಪಾಯವಿದೆ. ಮಗುವನ್ನು ದೂರ ಇಡಿ, ಬಲ್ಲವರನ್ನು ಕರೆಯಿರಿ. ಟ್ರೈನರ್‌ಗೂ ಮೊದಲು ಪಶುವೈದ್ಯರು ನೋಡಬೇಕಾದ ಸಂದರ್ಭಗಳೂ ಇವೆ. ಸಾಧುವಾಗಿದ್ದ ನಾಯಿ ಇದ್ದಕ್ಕಿದ್ದಂತೆ ಸಿಡುಕಾದರೆ ಕಿವಿನೋವೋ, ಕೀಲುನೋವೋ, ಉಣ್ಣೆಯಿಂದ ಬಂದ ಜ್ವರವೋ ಇರಬಹುದು. ರೇಬಿಸ್ ಲಸಿಕೆ ಮರಿಗೆ ಮೂರು ತಿಂಗಳಾದಾಗಲೇ ಆಗಬೇಕು, ಆಮೇಲೆ ವೈದ್ಯರು ಹೇಳಿದ ಹೊತ್ತಿಗೆ ಮತ್ತೆ ಹಾಕಿಸುತ್ತಿರಬೇಕು.

ನಾಯಿಮರಿ ಸಾಕಿ ಮಾರುವವರು ನೋಂದಾಯಿಸಿಕೊಳ್ಳಬೇಕೆಂದು 2017ರ ಕೇಂದ್ರದ ನಿಯಮಗಳು ಹೇಳುತ್ತವೆ. ಟ್ರೈನರ್‌ಗೆ ಅಂಥ ಪರವಾನಗಿಯ ಕಟ್ಟಳೆಯಿಲ್ಲ. ಆದ್ದರಿಂದ ವಿಚಾರಿಸುವ ಹೊಣೆ ನಮ್ಮದೇ. ಪಾಠದ ಹೊತ್ತಿನಲ್ಲಿ ಮನೆಯವರು ಎದುರಿಗಿರಬಹುದೇ ಎಂದು ಕೇಳಿ. ಬೇಡ ಎಂದರೆ ಅಲ್ಲಿಂದ ಎದ್ದುಬನ್ನಿ. ನಾಯಿ ತಪ್ಪು ಮಾಡಿದರೆ ಏನು ಮಾಡುತ್ತೀರಿ ಎಂದು ಕೇಳಿ. ಮುಳ್ಳಿನ ಬೆಲ್ಟು, ಕರೆಂಟಿನ ಬೆಲ್ಟು ಎಂದರೂ ಅಷ್ಟೆ. ಇಷ್ಟು ದಿನದಲ್ಲಿ ಸರಿಮಾಡಿಕೊಡುತ್ತೇನೆಂದು ಖಾತರಿ ಕೊಡುವವರನ್ನು ನಾನಂತೂ ನಂಬುವುದಿಲ್ಲ. ಸಾಲಿಗ್ರಾಮದಂಥ ಊರಿನವರು ವಾರವಾರ ಮೈಸೂರಿಗೆ ಹೋಗಿಬರುವುದು ಕಷ್ಟ, ನಿಜ. ತಿಂಗಳ ಹಾಸ್ಟೆಲ್ಲಿಗೆ ಕೊಡುವ ದುಡ್ಡಿನಲ್ಲಿ ಟ್ರೈನರ್ ಅವರನ್ನೇ ಎರಡು ಮೂರು ಸಲ ಮನೆಗೆ ಕರೆಸಿಕೊಂಡು, ನಡುವೆ ದಿನಕ್ಕೆ ಎರಡು ಹೊತ್ತು ಹತ್ತು ಹತ್ತು ನಿಮಿಷ ನೀವೇ ಅಭ್ಯಾಸ ಮಾಡಿಸಿ, ಮೊಬೈಲಿನಲ್ಲಿ ವಿಡಿಯೊ ತೆಗೆದು ಅವರಿಗೆ ಕಳಿಸಿ ಕೇಳುವುದು ನನ್ನ ಪ್ರಕಾರ ಹೆಚ್ಚು ಉಪಯೋಗ.

ಮರಿ ತರುವವರಿಗೆ ಇನ್ನೊಂದು ಮಾತು. ಹುಟ್ಟಿದ ಮೂರನೇ ವಾರದಿಂದ ಹನ್ನೆರಡನೇ ವಾರದವರೆಗೆ ಮರಿ ಏನನ್ನು ನೆಮ್ಮದಿಯಾಗಿ ಕಾಣುತ್ತದೋ ಅದಕ್ಕೆ ಮುಂದೆ ಅಂಜುವುದು ಕಡಿಮೆ ಎಂದು ನಾಯಿಗಳ ವರ್ತನೆಯನ್ನು ಅಧ್ಯಯನ ಮಾಡಿದ ಸ್ಕಾಟ್ ಮತ್ತು ಫುಲ್ಲರ್ 1965ರಲ್ಲೇ ಬರೆದರು. ನಮ್ಮಲ್ಲಿ ಮರಿ ಹಿತ್ತಲಿನ ಸರಪಳಿಗೆ ಬೀಳುವುದು ಸರಿಯಾಗಿ ಆ ದಿನಗಳಲ್ಲೇ. ಲಸಿಕೆ ಪೂರ್ತಿಯಾಗುವ ತನಕ ಬೀದಿಗೆ ಬಿಡಬೇಡಿ. ಎತ್ತಿಕೊಂಡು ಜಗಲಿಯಲ್ಲಿ ಕುಳಿತು ಟ್ರ್ಯಾಕ್ಟರು, ದನ, ಶಾಲೆಯಿಂದ ಬರುವ ಮಕ್ಕಳು, ಹೆಲ್ಮೆಟ್ ಹಾಕಿದವರು ಎಲ್ಲರನ್ನೂ ತೋರಿಸಿ. ಅದಕ್ಕೆ ಟ್ರೈನರ್ ಕೂಡ ಬೇಕಾಗಿಲ್ಲ.