ಅರವತ್ತರ ಹೊಸ್ತಿಲಲ್ಲಿ ಅನ್ನ ಬಿಟ್ಟಾಗ

ನಮ್ಮ ಸರೋಜಿನಿ ನಗರದ ಮಾರ್ಕೆಟ್ಟಿನಲ್ಲಿ ಪ್ಯಾಂಟು ಹಾಕಿ ನೋಡಲು ಕೋಣೆ ಗೀಣೆ ಇರುವುದಿಲ್ಲ. ಅಂಗಡಿಯ ಹುಡುಗ ಪ್ಯಾಂಟಿನ ಸೊಂಟವನ್ನು ನಿಮ್ಮ ಕತ್ತಿನ ಸುತ್ತ ತಂದು, ಎರಡು ತುದಿಯೂ ಹಿಂದೆ ಕೂಡಿದರೆ ‘ಫಿಟ್ ಹೈ ಅಂಕಲ್’ ಎಂದು ತೀರ್ಪು ಕೊಡುತ್ತಾನೆ. ಕಳೆದ ದೀಪಾವಳಿಗೆ ಮುಂಚೆ 38ರ ಬದಲು 34ರ ಪ್ಯಾಂಟು ನನ್ನ ಕತ್ತನ್ನು ಹೀಗೆ ಬಳಸಿದಾಗ ಆದ ಸಂತೋಷ ಸಣ್ಣದಲ್ಲ. ಎರಡೂವರೆ ತಿಂಗಳಲ್ಲಿ 84 ಕೆ.ಜಿ.ಯಿಂದ 75ಕ್ಕೆ ಇಳಿದಿದ್ದೆ. ನನಗೆ ವಯಸ್ಸು 59. ಕಚೇರಿಯಲ್ಲಿ ಎದುರಾದವರೆಲ್ಲ ‘ಏನು ಮಾಡಿದಿರಿ?’ ಎಂದು ಕೇಳುತ್ತಿದ್ದರು. ಹೇಳಿಕೊಳ್ಳಲು ನನಗೂ ಹುಮ್ಮಸ್ಸಿತ್ತು.

ಮಾಡಿದ್ದಿಷ್ಟೇ: ವಾರ್ಷಿಕ ತಪಾಸಣೆಯಲ್ಲಿ ಸಕ್ಕರೆ ಅಂಶ ಗಡಿರೇಖೆಯ ಮೇಲೆ ನಿಂತಿತ್ತು. ಹೆದರಿ, ಮೊಬೈಲಿನಲ್ಲಿ ಆಹಾರ ಸಲಹೆ ಕೊಡುವ ಒಬ್ಬ ಹುಡುಗನಿಗೆ ದುಡ್ಡು ಕಟ್ಟಿದೆ. ಅನ್ನ ಇಲ್ಲ, ಚಪಾತಿ ಇಲ್ಲ, ಮುದ್ದೆ ಇಲ್ಲ. ಹದಿನಾರು ಗಂಟೆ ಉಪವಾಸ, ಎಂಟು ಗಂಟೆಯೊಳಗೆ ಎರಡು ಸಲ ಊಟ. ಆ ಊಟವೆಂದರೆ ಒಂದು ತಟ್ಟೆ ಸೌತೆಕಾಯಿ, ಸ್ವಲ್ಪ ಪಲ್ಯ, ರಾತ್ರಿಗೆ ಸೂಪು. ನನ್ನ ವಯಸ್ಸನ್ನು ಅವನು ಕೇಳಿದ್ದು ಫಾರಂ ತುಂಬುವಾಗ ಮಾತ್ರ. ಇಪ್ಪತ್ತೆಂಟು ವರ್ಷದ ಸಾಫ್ಟ್‌ವೇರ್ ಹುಡುಗಿಗೂ ನನಗೂ ಅದೇ ಪಟ್ಟಿ ಎಂಬುದು ಆಮೇಲೆ ಗೊತ್ತಾಯಿತು. ಆಕೆ ನನ್ನ ಸಹೋದ್ಯೋಗಿಯ ಮಗಳು.

ದೀಪಾವಳಿಯ ಸಂಜೆ ಲಕ್ಷ್ಮೀಪೂಜೆಗೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತವನು ಮಂಗಳಾರತಿಗೆ ಏಳಲು ಹೋದೆ. ಆಗಲಿಲ್ಲ. ನೋವೇನೂ ಇರಲಿಲ್ಲ, ಕಾಲಿನಲ್ಲಿ ಬಲವೇ ಇರಲಿಲ್ಲ. ಮಂಚದ ಅಂಚು ಹಿಡಿದು ಎದ್ದಾಗ ತಲೆ ಸುತ್ತಿತು. ಹೆಂಡತಿ ಆರತಿ ತಟ್ಟೆಯನ್ನು ಮಗನ ಕೈಗೆ ಕೊಟ್ಟು ಬಂದು ನನ್ನ ತೋಳು ಹಿಡಿದಳು. ಹಿಂದಿನ ವರ್ಷ ಒಂಬತ್ತು ಕೆ.ಜಿ. ಹೆಚ್ಚಿಗೆ ಹೊತ್ತುಕೊಂಡೇ ಸಲೀಸಾಗಿ ಎದ್ದಿದ್ದೆ!

ಡಿಸ್ಪೆನ್ಸರಿಯ ವೈದ್ಯರು ತೂಕದ ಮಾತು ಎತ್ತಲೇ ಇಲ್ಲ. ಎದೆಯ ಮೇಲೆ ಕೈಕಟ್ಟಿಕೊಂಡು, ಕುರ್ಚಿಯಿಂದ ಐದು ಸಲ ಎದ್ದು ಕೂರಲು ಹೇಳಿ ಗಡಿಯಾರ ನೋಡಿದರು. ನನಗೆ ಬೇಕಾದದ್ದು 15 ಸೆಕೆಂಡು. ಏಷ್ಯಾದವರಿಗೆಂದು ಇಲ್ಲಿನ ದೇಶಗಳ ತಜ್ಞರ ಗುಂಪು 2019ರಲ್ಲಿ ಹಾಕಿಕೊಟ್ಟ ಗೆರೆ 12 ಸೆಕೆಂಡು. ಅಷ್ಟು ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಸ್ನಾಯು ಸವೆದಿರಬಹುದೆಂಬ ಅನುಮಾನ ಪಡಬೇಕು. ತಲೆಸುತ್ತಿಗೆ ಕಾರಣ ಬೇರೆಯೇ ಇತ್ತು. ತೂಕ ಇಳಿದು ರಕ್ತದೊತ್ತಡವೂ ಇಳಿದಿತ್ತು, ನಾನು ಮಾತ್ರ ಹಳೆಯ ಪ್ರಮಾಣದ ಮಾತ್ರೆಯನ್ನೇ ನುಂಗುತ್ತಿದ್ದೆ.

ತಕ್ಕಡಿ ಎಷ್ಟು ಹೋಯಿತೆಂದು ಹೇಳುತ್ತದೆ, ಏನು ಹೋಯಿತೆಂದು ಹೇಳುವುದಿಲ್ಲ. ಬರೀ ಊಟ ಕಡಿಮೆ ಮಾಡಿ ತೂಕ ಇಳಿಸಿದಾಗ ಸಾಮಾನ್ಯವಾಗಿ ಹೋಗುವುದರಲ್ಲಿ ಕಾಲು ಭಾಗದಷ್ಟು ಕೊಬ್ಬಲ್ಲ. ಸ್ನಾಯುವೂ ಅದರ ಜೊತೆಗಿನದೂ. ಮೂವತ್ತರ ಹುಡುಗ ಅದನ್ನು ಮರಳಿ ಕಟ್ಟಿಕೊಳ್ಳುತ್ತಾನೆ. ಅರವತ್ತರ ಮೈಗೆ ಅದು ಸುಲಭವಲ್ಲ, ಏಕೆಂದರೆ ಏನೂ ಮಾಡದಿದ್ದರೂ ಆ ವಯಸ್ಸಿನಲ್ಲಿ ಸ್ನಾಯು ಕರಗುತ್ತಲೇ ಇರುತ್ತದೆ. ಪಥ್ಯ ಬಿಟ್ಟ ಮೇಲೆ ತೂಕ ಮರಳುವುದು ಎಲ್ಲರ ಅನುಭವ. ಆದರೆ ಮರಳುವಾಗ ಮೊದಲು ಬರುವುದು ಕೊಬ್ಬು. ಎರಡು ಮೂರು ಸಲ ಹೀಗೆ ಇಳಿಸಿ ಏರಿಸಿದವರು ಕೊನೆಗೆ ಅದೇ ತೂಕದಲ್ಲಿ ಮೊದಲಿಗಿಂತ ದುರ್ಬಲರಾಗಿ ನಿಲ್ಲುತ್ತಾರೆ.

ಹಾಗೆಂದು ದಪ್ಪವೇ ಚೆಂದ ಎನ್ನುತ್ತಿಲ್ಲ. ಹೊಟ್ಟೆಯ ಬೊಜ್ಜು ನಮ್ಮ ಜನರನ್ನು ಬೇಗ ಮಧುಮೇಹಕ್ಕೆ ತಳ್ಳುತ್ತದೆ. ಭಾರತೀಯರ ಮಟ್ಟಿಗೆ ಬಿಎಂಐ 23 ದಾಟಿದರೇ ಎಚ್ಚರ ಎಂದು ನಮ್ಮ ವೈದ್ಯರು ಹೇಳುತ್ತಿರುವುದು ಅದಕ್ಕೇ. ಕಟ್ಟುನಿಟ್ಟಿನ ಪಥ್ಯಕ್ಕೆ ಫಲವಿದೆ ಎಂಬುದಕ್ಕೂ ಪುರಾವೆ ಇದೆ. ಬ್ರಿಟನ್ನಿನ ‘ಡೈರೆಕ್ಟ್’ ಅಧ್ಯಯನದಲ್ಲಿ ದಿನಕ್ಕೆ ಸುಮಾರು 850 ಕಿಲೋಕ್ಯಾಲೊರಿಯ ದ್ರವಾಹಾರವನ್ನು ಮೂರರಿಂದ ಐದು ತಿಂಗಳು ಕೊಟ್ಟು ನೋಡಿದರು. ವರ್ಷದ ಕೊನೆಗೆ ಶೇ 46ರಷ್ಟು ಜನ ಮಾತ್ರೆಯಿಲ್ಲದೆ ಮಧುಮೇಹದಿಂದ ಹೊರಬಂದಿದ್ದರು. 2017ರಲ್ಲಿ ಈ ಸುದ್ದಿ ಜಗತ್ತಿಗೆಲ್ಲ ಹಬ್ಬಿತು. ಆದರೆ ಅದಕ್ಕೆ ಸೇರಿಸಿಕೊಂಡದ್ದು 20ರಿಂದ 65 ವರ್ಷದವರನ್ನು ಮಾತ್ರ, ಅದೂ ವೈದ್ಯರ ಕಣ್ಣಳತೆಯಲ್ಲಿ, ಮಾತ್ರೆಗಳನ್ನು ಲೆಕ್ಕಹಾಕಿ ನಿಲ್ಲಿಸಿ. ಎಪ್ಪತ್ತರ ಅಪ್ಪನಿಗೆ ವಾಟ್ಸ್ಆ್ಯಪಿನಲ್ಲಿ ಈ ಸುದ್ದಿ ಕಳಿಸುವ ಮಕ್ಕಳು ಆ ಸಾಲನ್ನು ಓದಿರುವುದಿಲ್ಲ.

ನಮ್ಮ ಕೆಳಗಿನ ಮನೆಯಲ್ಲಿ ಧಾರವಾಡ ಕಡೆಯ ಅಜ್ಜಿಯೊಬ್ಬರು ಮಗನ ಜೊತೆ ಇದ್ದಾರೆ. ಚಾತುರ್ಮಾಸ್ಯ ಹಿಡಿದವರು. ಮೊದಲ ತಿಂಗಳು ತರಕಾರಿ ಇಲ್ಲ, ಎರಡನೆಯದರಲ್ಲಿ ಮೊಸರಿಲ್ಲ, ಮೂರನೆಯದರಲ್ಲಿ ಹಾಲಿಲ್ಲ, ನಾಲ್ಕನೆಯದರಲ್ಲಿ ಬೇಳೆಕಾಳಿಲ್ಲ. ನಾನು ಸೂಪು ಕುಡಿಯುತ್ತಿದ್ದ ಕಾಲಕ್ಕೆ ಅವರದು ದ್ವಿದಳ ವ್ರತ ನಡೆದಿತ್ತು. ನನ್ನ ಪಟ್ಟಿಯನ್ನು ಪೂರ್ತಿ ಕೇಳಿಸಿಕೊಂಡು, ‘ಇದೇನೋ ಛಲೋ ಅದ. ಆದ್ರ ನಿನ್ನ ವ್ರತಾ ಯಾವಾಗ ಮುಗೀತದಪಾ?’ ಎಂದರು. ನನ್ನಲ್ಲಿ ಉತ್ತರ ಇರಲಿಲ್ಲ. ಅವರದು ಒಂದು ಸಲಕ್ಕೆ ಒಂದನ್ನೇ ಬಿಡುವ ಕ್ರಮ. ಬೇಳೆ ಬಿಟ್ಟ ತಿಂಗಳು ಹಾಲು ಮೊಸರು ಇರುತ್ತದೆ, ಹಾಲು ಬಿಟ್ಟ ತಿಂಗಳು ಬೇಳೆ ಇರುತ್ತದೆ, ಮತ್ತು ಕಾರ್ತಿಕಕ್ಕೆ ಎಲ್ಲ ಮುಗಿಯುತ್ತದೆ. ನನ್ನದರಲ್ಲಿ ಎಲ್ಲವನ್ನೂ ಒಟ್ಟಿಗೆ ಬಿಟ್ಟಾಗಿತ್ತು, ಪಾರಣೆಯ ದಿನವೇ ಗೊತ್ತಿರಲಿಲ್ಲ.

ಹಳೆಯದೆಲ್ಲ ಹೊನ್ನೆಂದು ಹಾಡುವ ಆಸೆಯೂ ನನಗಿಲ್ಲ. ನನ್ನ ಅಜ್ಜಿ ವಿಧವೆಯಾಗಿ ನಲವತ್ತು ವರ್ಷ ಒಪ್ಪೊತ್ತು ಊಟ ಮಾಡಿದವರು. ಕೊನೆಯ ಕೆಲವು ವರ್ಷ ಹಿತ್ತಿಲಿಗೆ ತೆವಳಿಕೊಂಡೇ ಹೋಗುತ್ತಿದ್ದರು. ‘ವಯಸ್ಸಾಯಿತು’ ಎಂದೇ ನಾವೆಲ್ಲ ತಿಳಿದಿದ್ದೆವು. ಅದೇ ಒಪ್ಪೊತ್ತಿಗೆ ಇಂಗ್ಲಿಷ್ ಹೆಸರಿಟ್ಟು, ದುಡ್ಡು ಕೊಟ್ಟು, ನಾನು ಆರಂಭಿಸಿದ್ದೆನಲ್ಲ ಎಂದು ಈಗ ಅನಿಸುತ್ತದೆ.

ಕನ್ನಡದ ಅಡುಗೆಮನೆಗೇ ವಿಶೇಷವಾದ ಇನ್ನೊಂದು ತೊಡಕಿದೆ. ನಮ್ಮಲ್ಲಿ ಕಾಳು ಬರುವುದು ಮುದ್ದೆಯ ಬೆನ್ನಿಗೆ, ಬೇಳೆ ಬರುವುದು ಅನ್ನದ ಬೆನ್ನಿಗೆ. ಬಸ್ಸಾರನ್ನಾಗಲಿ ಹುರುಳಿಕಾಳಿನ ಸಾರನ್ನಾಗಲಿ ಬರಿದೇ ಕುಡಿಯುವವರು ಯಾರು? ಮುದ್ದೆ ಬಿಟ್ಟೆ ಎಂದರೆ ಹೇಳದೆಯೇ ಸಾರನ್ನೂ ಬಿಟ್ಟ ಹಾಗೆ. ಅನ್ನ ಬಿಟ್ಟರೆ ಮೊಸರನ್ನವೂ ಹೋಯಿತು. ಹಿಟ್ಟಿನ ಅಂಶ ಕಡಿಮೆ ಮಾಡಲು ಹೊರಟು ನಾನು ಪ್ರೋಟೀನನ್ನೂ ಅರ್ಧಕ್ಕಿಂತ ಕೆಳಗೆ ಇಳಿಸಿದ್ದೆ. ಜೊತೆಗೆ ರಾಗಿಯ ಸುಣ್ಣದಂಶವೂ ಹೋಗಿತ್ತು. ನೂರು ಗ್ರಾಂ ರಾಗಿಯಲ್ಲಿ ಅದು ಸುಮಾರು 350 ಮಿಲಿಗ್ರಾಂ ಇರುತ್ತದೆ, ಅಕ್ಕಿ ಗೋಧಿ ಹತ್ತಿರಕ್ಕೂ ಬರುವುದಿಲ್ಲ. ದೊಡ್ಡವರಿಗೆ ಮೈತೂಕದ ಕೆ.ಜಿ.ಗೆ ದಿನಕ್ಕೆ 0.83 ಗ್ರಾಂ ಪ್ರೋಟೀನು ಬೇಕೆಂಬುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಲೆಕ್ಕ. ವಯಸ್ಸಾದವರಿಗೆ, ಮೂತ್ರಪಿಂಡದ ತೊಂದರೆ ಇಲ್ಲದಿದ್ದರೆ, 1ರಿಂದ 1.2 ಗ್ರಾಂ ಇರಲಿ ಎನ್ನುತ್ತಾರೆ ಹೊರದೇಶದ ತಜ್ಞರು. ನನಗೆ ಅದು 75 ಗ್ರಾಂನಷ್ಟಾಗುತ್ತದೆ. ಎರಡು ಬಟ್ಟಲು ಬೇಳೆ, ಎರಡು ಮೊಟ್ಟೆ, ಒಂದು ದೊಡ್ಡ ಲೋಟ ಹಾಲು ಸೇರಿದರೂ ಮೂವತ್ತೈದರ ಹತ್ತಿರಕ್ಕೆ ಬರುತ್ತದೆ ಅಷ್ಟೆ. ಉಳಿದದ್ದು ಧಾನ್ಯ, ಮೊಸರು, ಪನೀರು, ಕಡಲೆಯಿಂದ ಬರಬೇಕು. ಸೂಪಿನಿಂದ ಬರುವ ಮಾತೇ ಇಲ್ಲ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮೇ ತಿಂಗಳಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ ಇದಕ್ಕೆಲ್ಲ ಸಮಾಧಾನದ ದಾರಿ ಇದೆ. ವಾರಕ್ಕೆ ಅರ್ಧ ಕೆ.ಜಿ.ಯಂತೆ ಇಳಿಯುವುದು ಕ್ಷೇಮ, ಇಳಿಸುವ ಪಥ್ಯವಾದರೂ ದಿನಕ್ಕೆ 1000 ಕಿಲೋಕ್ಯಾಲೊರಿಗಿಂತ ಕೆಳಗೆ ಹೋಗಬಾರದು ಎಂದಿದೆ. ಧಾನ್ಯದಿಂದ ಬರುವ ಶಕ್ತಿ ಶೇ 45 ಮೀರದಿರಲಿ ಎನ್ನುತ್ತದೆಯೇ ಹೊರತು ಸೊನ್ನೆಗೆ ತನ್ನಿ ಎನ್ನುವುದಿಲ್ಲ. ಪ್ರೋಟೀನು ಪುಡಿಯ ಡಬ್ಬಿಗಳ ಮೋಹವನ್ನೂ ಅದು ಮೆಚ್ಚಿಲ್ಲ. ನಾನು ಇಳಿದದ್ದು ವಾರಕ್ಕೆ ಮುಕ್ಕಾಲು ಕೆ.ಜಿ.ಗೂ ಹೆಚ್ಚು.

ಊಟಕ್ಕಿಂತ ದೊಡ್ಡ ಪಾಠ ಸಿಕ್ಕಿದ್ದು ವ್ಯಾಯಾಮದಿಂದ. 2017ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪ್ರಕಟಿಸಿದ ಅಮೆರಿಕದ ಅಧ್ಯಯನವೊಂದು 65 ದಾಟಿದ 160 ಬೊಜ್ಜಿನವರನ್ನು ಆರು ತಿಂಗಳು ಗಮನಿಸಿತು. ಪಥ್ಯದ ಜೊತೆ ಬರೀ ನಡಿಗೆಯಂಥ ವ್ಯಾಯಾಮ ಮಾಡಿದವರು, ಭಾರ ಎತ್ತಿದವರು, ಎರಡೂ ಮಾಡಿದವರು ಎಲ್ಲರೂ ಶೇ 9ರಷ್ಟು ತೂಕ ಇಳಿಸಿದರು. ಆದರೆ ಮೊದಲನೆಯವರು ಶೇ 5ರಷ್ಟು ಕೊಬ್ಬಿಲ್ಲದ ಮೈಯನ್ನು ಕಳೆದುಕೊಂಡರೆ ಭಾರ ಎತ್ತಿದವರು ಕಳೆದುಕೊಂಡದ್ದು ಶೇ 2. ಸೊಂಟದ ಮೂಳೆಯ ಸವೆತವೂ ಅವರಲ್ಲೇ ಕಡಿಮೆ. ಓಡಾಟದ ಶಕ್ತಿಯಲ್ಲಿ ಎಲ್ಲರಿಗಿಂತ ಮುಂದೆ ಬಂದದ್ದು ಎರಡನ್ನೂ ಮಾಡಿದವರು. ದೆಹಲಿಯ ಹಿರಿಯರಿಗೆ ಇದು ಇನ್ನೂ ಮುಖ್ಯ. ನವೆಂಬರಿನ ಹೊಗೆ ಇಳಿಯಿತೆಂದರೆ ಬೆಳಗಿನ ನಡಿಗೆಯೇ ನಿಲ್ಲುತ್ತದೆ. ಹಳೆಯ ಎರಡಂತಸ್ತಿನ ಕ್ವಾರ್ಟರ್ಸುಗಳು ಉರುಳಿ ಗೋಪುರದಂಥ ಮನೆಗಳು ಏಳುತ್ತಿವೆ. ಮೆಟ್ಟಿಲಿನ ಜಾಗಕ್ಕೆ ಲಿಫ್ಟು ಬಂದಿದೆ. ಮನೆಯೊಳಗೆ ಕುರ್ಚಿಯಿಂದ ಎದ್ದು ಕೂರುವುದು, ನೀರಿನ ಬಾಟಲಿ ಎತ್ತಿ ಇಳಿಸುವುದು, ಗೋಡೆಗೆ ಕೈಕೊಟ್ಟು ತಳ್ಳುವುದು, ಇದಕ್ಕೆ ಹೊಗೆ ಅಡ್ಡ ಬರುವುದಿಲ್ಲ.

ಇಲ್ಲಿ ಸರ್ಕಾರಕ್ಕೂ ಒಂದು ಮಾತು ಹೇಳಬೇಕು. 2024ರ ಅಕ್ಟೋಬರಿನಲ್ಲಿ ಎಪ್ಪತ್ತು ದಾಟಿದವರಿಗೆಲ್ಲ ಆಯುಷ್ಮಾನ್ ವಿಮೆ ಘೋಷಿಸಿದರು, ಮರುವರ್ಷ ದೆಹಲಿಯೂ ಸೇರಿತು. ಒಳ್ಳೆಯದೇ. ಆದರೆ ಆ ಹಣ ಸಿಗುವುದು ಆಸ್ಪತ್ರೆ ಸೇರಿದ ಮೇಲೆ, ಅಂದರೆ ಬಿದ್ದು ಸೊಂಟ ಮುರಿದ ಮೇಲೆ. ತೂಕ, ರಕ್ತದೊತ್ತಡ, ಸಕ್ಕರೆ ಬರೆದುಕೊಳ್ಳುವ ಪ್ರತಿ ಡಿಸ್ಪೆನ್ಸರಿಯ ಚೀಟಿಯಲ್ಲಿ ಕುರ್ಚಿಯ ಆ ಸೆಕೆಂಡುಗಳಿಗೂ ಒಂದು ಖಾನೆ ಇರಬೇಕು. ಹೊಸ ಯಂತ್ರವೇನೂ ಬೇಕಿಲ್ಲ, ಕುರ್ಚಿ ಅಲ್ಲೇ ಇದೆ. ನಾನು ಬೇರೆ ಕಾರಣಕ್ಕೆ ಹೋಗಿದ್ದರೆ ಯಾರೂ ಅದನ್ನು ಮಾಡಿಸುತ್ತಿರಲಿಲ್ಲ ಎಂಬುದೇ ನನ್ನ ದೂರು. ಪಥ್ಯವನ್ನೇ ಮಾಡದೆ ಆರು ತಿಂಗಳು, ವರ್ಷದೊಳಗೆ ಶೇ 5ರಷ್ಟು ತೂಕ ಇಳಿದ ಹಿರಿಯರನ್ನು ‘ಸ್ಲಿಮ್ ಆಗಿದ್ದೀರಿ’ ಎಂದು ಅಭಿನಂದಿಸುವ ಬದಲು ವೈದ್ಯರ ಬಳಿ ಕಳಿಸಬೇಕು. ಹೊಗಳಿಕೆಯಲ್ಲಿ ಎಷ್ಟು ಕಾಯಿಲೆಗಳು ಮುಚ್ಚಿಹೋಗುತ್ತವೋ!

ಹಾಗೆಯೇ, ಗ್ಲಿಮೆಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ತಾವಾಗಿಯೇ ಉಪವಾಸ ಹಿಡಿದರೆ ಸಕ್ಕರೆ ತೀರಾ ಇಳಿದು ಪ್ರಜ್ಞೆ ತಪ್ಪಬಹುದು. ಡಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆಯವರು ಹಿಟ್ಟಿನ ಅಂಶವನ್ನು ಪೂರ್ತಿ ನಿಲ್ಲಿಸಿದರೆ ರಕ್ತದಲ್ಲಿ ಆಮ್ಲ ಏರುವ ಅಪಾಯವಿದೆ, ಅದೂ ಸಕ್ಕರೆ ಅಷ್ಟೇನೂ ಏರದೆಯೇ. ಪಟ್ಟಿ ಕೊಡುವ ಮೊಬೈಲಿಗೆ ನೀವು ನುಂಗುವ ಮಾತ್ರೆ ಗೊತ್ತಿರುವುದಿಲ್ಲ.

ಈಗ ನನ್ನ ತೂಕ 77. ಸಣ್ಣದೊಂದು ಮುದ್ದೆ, ದೊಡ್ಡ ಬಟ್ಟಲು ಕಾಳುಸಾರು. ರಾಗಿಹಿಟ್ಟು ಐಎನ್ಎ ಮಾರ್ಕೆಟ್ಟಿನಿಂದ ಬರುತ್ತದೆ, ಪಹಾಡಿ ಅಂಗಡಿಯವನಾದರೆ ‘ಮಂಡುವಾ’ ಎಂದು ಕೇಳಬೇಕು. ರಾತ್ರಿ ಅನ್ನ ಕಡಿಮೆ ಮಾಡಿದ್ದೇನೆ, ಸಿಹಿ ಬಿಟ್ಟಿದ್ದೇನೆ. ವಾರಕ್ಕೆ ಮೂರು ದಿನ ಕುರ್ಚಿ ಮತ್ತು ನೀರಿನ ಬಾಟಲಿಯ ಕಸರತ್ತು. ಮೊನ್ನೆ ಐದು ಸಲ ಎದ್ದು ಕೂರಲು ಹತ್ತೂವರೆ ಸೆಕೆಂಡು ಹಿಡಿಯಿತು, ಗಡಿಯಾರ ಹಿಡಿದಿದ್ದವಳು ಹೆಂಡತಿ. 34ರ ಪ್ಯಾಂಟು ಸ್ವಲ್ಪ ಬಿಗಿ. ಕೆಳಮನೆಯ ಅಜ್ಜಿಯನ್ನೂ ಕುರ್ಚಿಯ ಮೇಲೆ ಕೂರಿಸಿದ್ದೆವು. ಮೂರನೆಯ ಸಲಕ್ಕೇ ‘ಸಾಕು ಬಿಡಪಾ’ ಎಂದು ಮೊಣಕಾಲು ಹಿಡಿದುಕೊಂಡರು. ಬರುವ ಸೋಮವಾರ ಅವರ ಮಗ ರಜೆ ಹಾಕಿ ಅವರನ್ನು ಡಿಸ್ಪೆನ್ಸರಿಗೆ ಕರೆದೊಯ್ಯುತ್ತಿದ್ದಾರೆ.